‘ರೈಲಿನಲ್ಲಿ ಕನ್ನಡ ಮಾತಾಡಬೇಡ ಅಮ್ಮ’

ಪ್ರಶ್ನೆ: ಅಕ್ಕಾ, ನಾವು ದಾವಣಗೆರೆಯವರು. 7 ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್ ಎಂಬ ಊರಿನಲ್ಲಿದ್ದೇವೆ. ಬಂದಾಗ ಮಗಳಿಗೆ 4 ವರ್ಷ, ಈಗ 11. ಆಗ ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತೇ ಗೊತ್ತಿರಲಿಲ್ಲ. ಈಗ ಕನ್ನಡ ಅಂದರೆ ಮುಖ ಸಿಂಡರಿಸುತ್ತಾಳೆ. ಹೋದ ತಿಂಗಳು ರೈಲಿನಲ್ಲಿ ನಮ್ಮಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮೊಣಕೈಯಲ್ಲಿ ತಿವಿದು, ‘ರೈಲಿನಲ್ಲಿ ಕನ್ನಡ ಮಾತಾಡಬೇಡ ಅಮ್ಮ, ಎಲ್ಲಾ ನೋಡ್ತಾರೆ’ ಅಂದಳು. ಟೀಚರನ್ನು ನೋಡಲು ಹೋದಾಗ ನಾನು ಜರ್ಮನ್ ಪದದ ಲಿಂಗ ನೋಡಿ ಅದರ ಹಿಂದೆ ಹಾಕುವ ‘ದಾಸ್’ ಅನ್ನುವ ಕಡೆ ‘ದೇರ್’ ಅಂದೆ ಅಂತ ಅವರೆದುರೇ ತಿದ್ದಿದಳು. ಗೆಳತಿಯರು ‘ನಿಮ್ಮ ಇಂಡಿಯಾ ಭಾಷೆಯಲ್ಲಿ ಏನಾದರೂ ಹೇಳು’ ಅಂದರೆ ತನ್ನ ಭಾಷೆ ಹಿಂದಿ ಅಂತ ಸುಳ್ಳು ಹೇಳಿದ್ದಾಳೆ. ಹಿಂದಿಯಲ್ಲಿ ಅವಳಿಗೆ ಬರೋದು ‘ನಮಸ್ತೆ’ ಒಂದೇ.

ನಮ್ಮ ಮನೆಯವರು ಒಂದು ಡಬ್ಬಿ ಇಟ್ಟಿದ್ದಾರೆ. ಮನೆಯೊಳಗೆ ಜರ್ಮನ್ ಆಡಿದರೆ ಪದಕ್ಕೆ 50 ಸೆಂಟ್ ದಂಡ. ಡಬ್ಬಿಯಲ್ಲಿ 14 ಯೂರೋ ಸೇರಿದೆ, ಕನ್ನಡ ಮಾತ್ರ ಸೇರಿಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ 5 ವರ್ಷದ ಮಕ್ಕಳ ಜೊತೆ ಕೂರಿಸಿ ಅ ಆ ಇ ಈ ತಿದ್ದಿಸುತ್ತಾರೆ ಅಂತ ಹೋಗೋದೇ ಬಿಟ್ಟಳು. ಹೋದ ವರ್ಷ ರಾಜ್ಯೋತ್ಸವಕ್ಕೆ ಸೀರೆ ಉಡಿಸಿ ಭಾಷಣ ಮಾಡಿಸಿದೆವು. ‘ಕನ್ನಡತಿ ಎನ್ನಲು ನನಗೆ ಹೆಮ್ಮೆ’ ಅನ್ನುವ ಸಾಲಿಗೇ ಮರೆತು ನಿಂತಳು. ಮೇ ತಿಂಗಳಲ್ಲಿ ಅತ್ತೆ ಮೂರು ತಿಂಗಳಿಗೆ ಬರುತ್ತಿದ್ದಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ನನಗೆ ಈಗಲೇ ಹೆದರಿಕೆ. ತನ್ನ ಊರು, ಭಾಷೆ ಬಗ್ಗೆ ಈ ಹುಡುಗಿಗೆ ಹೆಮ್ಮೆ ಬರಿಸೋದು ಹೇಗೆ?
– ಹೆಸರು ಬೇಡ, ಬೋಬ್ಲಿಂಗೆನ್

ಉತ್ತರ: ಮೊದಲು ಆ ಡಬ್ಬಿ ಖಾಲಿ ಮಾಡಿ ತಾಯಿ. 14 ಯೂರೋದಲ್ಲಿ ಮೂವರೂ ಹೋಗಿ ಐಸ್‌ಕ್ರೀಮ್ ತಿನ್ನಿ. ಅಂಗಡಿಯಲ್ಲಿ ಯಾರು ಯಾವ ಭಾಷೆಯಲ್ಲಿ ಕೇಳಿದರೂ ಸೈ. ನಿಮ್ಮ ಮನೆಯವರು ಕೋಪ ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಆಮೇಲೆ, ಅವಳು ‘ಎಲ್ಲಾ ನೋಡ್ತಾರೆ’ ಅಂದಳಲ್ಲ, ಅದನ್ನು ಅಲ್ಲಿಗೇ ಬಿಡಬೇಡಿ. ಯಾರು ನೋಡಿದರು? ಯಾವತ್ತು? ಏನಾದರೂ ಅಂದರಾ? ಮಲಗುವ ಹೊತ್ತಿಗೆ, ದೀಪ ಆರಿಸಿದ ಮೇಲೆ ಕೇಳಿ. ಮಕ್ಕಳು ಕತ್ತಲಲ್ಲಿ ಜಾಸ್ತಿ ಹೇಳುತ್ತಾರೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೂ ಒಬ್ಬರು ಇದೇ ಮಾತು ಹೇಳುತ್ತಿದ್ದರು. ನಮ್ಮಪ್ಪ. ಕುಂದಾಪುರದ ಹತ್ತಿರದ ಹಳ್ಳಿಯಿಂದ ಮುಂಬಯಿಗೆ ಹೋಗಿ ಉಡುಪಿ ಹೋಟೆಲಿನ ಅಡುಗೆಮನೆ ಸೇರಿದವರು. ಮಾಟುಂಗದ ಒಂದು ಚಾಳಿನ ಒಂದೇ ಕೋಣೆಯಲ್ಲಿ ನಮ್ಮ ಸಂಸಾರ. 1960ರ ದಶಕದ ಕೊನೆ. ‘ಲುಂಗಿಯವರನ್ನು ಓಡಿಸಿ’ ಅನ್ನುವ ಕೂಗು ಜೋರಾಗಿದ್ದ ಕಾಲ. ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳುತ್ತಿತ್ತು. ಅಪ್ಪ ಪಂಚೆ ಬಿಟ್ಟು ಪ್ಯಾಂಟು ಹಾಕಲು ಕಲಿತದ್ದು ಆಗಲೇ. ಬಸ್ಸು ಹತ್ತುವ ಮೊದಲು ‘ಬಾಯಿ ಮುಚ್ಚಿಕೊ, ಇಳಿದ ಮೇಲೆ ಮಾತಾಡುವ’ ಅನ್ನುತ್ತಿದ್ದರು. ಅವರಿಗೆ ಇದ್ದದ್ದು ಭಯ. ನಾಚಿಕೆಗೂ ಭಯಕ್ಕೂ ಮದ್ದು ಬೇರೆ ಬೇರೆ. ನಿಮ್ಮ ಮಗಳಿಗೆ ಯಾರಾದರೂ ಏನಾದರೂ ಅಂದಿದ್ದರೆ ಅದಕ್ಕೆ ನಮ್ಮ ಸಂಸ್ಕೃತಿಯ ಪಾಠ ಬೇಡ. ಶಾಲೆಗೆ ಹೋಗಿ ಟೀಚರ್ ಎದುರು ಕೂತು ಮಾತಾಡಿ. ದೇರ್, ದಾಸ್ ತಪ್ಪಿದರೂ ಪರವಾಗಿಲ್ಲ. ಯಾರೂ ಏನೂ ಅಂದಿಲ್ಲ, ಸುಮ್ನೆ ಹಾಗನಿಸಿತು ಅಂತಾಳಾ? ಹಾಗಾದರೆ ಅದು 11ರ ನಾಚಿಕೆ. ಆ ವಯಸ್ಸಿಗೆ ಅಮ್ಮನ ಚಪ್ಪಲಿ ಕಂಡರೂ ನಾಚಿಕೆ.

ನನ್ನದು ಅದಕ್ಕಿಂತ ಕೆಟ್ಟ ನಾಚಿಕೆ. ಓದಿದ್ದು ಮರಾಠಿ ಶಾಲೆಯಲ್ಲಿ. ನಾವಾಡುವ ಮಾತಿಗೆ ಅಲ್ಲಿ ‘ಯಂಡುಗುಂಡು’ ಅಂತ ಹೆಸರು. ದಕ್ಷಿಣದಿಂದ ಬಂದವರೆಲ್ಲ ‘ಮದ್ರಾಸಿ’ಗಳು. ಅಪ್ಪ ಏನು ಮಾಡ್ತಾರೆ ಅಂತ ಕೇಳಿದರೆ ‘ಹೋಟೆಲ್ ಮ್ಯಾನೇಜರ್’ ಅನ್ನುತ್ತಿದ್ದೆ. ಅಪ್ಪ ಬೆಳಗಿನ ಜಾವ 3 ಗಂಟೆಗೆ ಎದ್ದು ರುಬ್ಬುವ ಕಲ್ಲಿನ ಮುಂದೆ ಕೂರುವವರು. ಒಂದು ಭಾನುವಾರ ನಾನು ಹೋಟೆಲಿನ ಗಲ್ಲಾದ ಹತ್ತಿರ ನಿಂತಿದ್ದಾಗ ನನ್ನ ಕ್ಲಾಸಿನ ಹುಡುಗಿ ಅವಳಪ್ಪನ ಜೊತೆ ದೋಸೆ ತಿನ್ನಲು ಬಂದಳು. ಅದೇ ಹೊತ್ತಿಗೆ ಅಪ್ಪ ಒಳಗಿನಿಂದ ಬಂದರು, ಹಿಟ್ಟು ಮೆತ್ತಿದ ಬನಿಯನ್ನಿನಲ್ಲಿ. ನನ್ನನ್ನು ನೋಡಿ ನಕ್ಕರು. ‘ಯಾರದು?’ ಅಂದಳು ಅವಳು. ‘ನಮ್ಮ ಚಾಳಿನವರು’ ಅಂದೆ. ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಏನೂ ಹೇಳದೆ ಒಳಗೆ ಹೋದರು.

ಅಮ್ಮನೂ ನಿಮ್ಮ ಹಾಗೇ ನನಗೆ ಹೆಮ್ಮೆ ಬರಿಸಲು ಕಷ್ಟಪಟ್ಟಳು. ಮಾಟುಂಗದ ಮೈಸೂರು ಅಸೋಸಿಯೇಷನ್ ನಮ್ಮ ಚಾಳಿನಿಂದ ನಡೆದು ಹೋಗುವಷ್ಟು ದೂರ. 1926ರಲ್ಲೇ ಶುರುವಾದ ಸಂಸ್ಥೆ. ಕನ್ನಡ ನಾಟಕ ಇದ್ದಾಗೆಲ್ಲ ಅಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ನಾನು ಎಲ್ಲ ನಾಟಕಕ್ಕೂ ಹೋಗಿದ್ದೇನೆ, ಎಲ್ಲದರಲ್ಲೂ ನಿದ್ದೆ ಮಾಡಿದ್ದೇನೆ.

ಬದಲಾದದ್ದು ಬೇರೆ ಕಾರಣಕ್ಕೆ. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗರಿದ್ದರು. ಊರಿನಿಂದ ಯಾರದೋ ಹಿಂದೆ ಬಂದವರು, ಮೀಸೆ ಬಾರದವರು. ಫೋರ್ಟ್ ಕಡೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ಲೋಟ ತೊಳೆದು, ರಾತ್ರಿ ಅಲ್ಲಿ ಓದಿ ಮೇಲೆ ಬಂದವರು ಎಷ್ಟೋ ಜನ. ನಮ್ಮ ಹೋಟೆಲಿನ ಹುಡುಗರಿಗೆ ಆ ಪುಣ್ಯ ಇರಲಿಲ್ಲ. ಅಪ್ಪನಿಗೂ ಅಕ್ಷರ ಅಷ್ಟಕ್ಕಷ್ಟೆ. ನನಗೆ ಮಾತ್ರ ಅಮ್ಮ ಹಳೆಯ ಪತ್ರಿಕೆ ಹಾಸಿ ಓದು ಬರಹ ಕಲಿಸಿದ್ದಳು. ‘ಮಗು ಬರೀತದೆ’ ಅಂತ ಅಪ್ಪನೇ ಒಂದು ಮಧ್ಯಾಹ್ನ ಒಬ್ಬ ಹುಡುಗನನ್ನು ಕರೆತಂದರು. ನೀಲಿ ಇನ್‌ಲ್ಯಾಂಡ್ ಪತ್ರ ಹಿಡಿದು ಹೊಸ್ತಿಲಲ್ಲಿ ಕೂತ.

‘ಅಬ್ಬಿಗೆ ಬರಿ’ ಅಂದ. ನಮ್ಮ ಕಡೆ ಅಬ್ಬಿ ಅಂದರೆ ಅಮ್ಮ.

‘ಏನಂತ?’

‘ಚೆನ್ನಾಗಿದ್ದೇನೆ ಅಂತ.’

ಅವನ ಬೆರಳ ಸಂದಿಯ ಚರ್ಮ ಲೋಟ ತೊಳೆಯುವ ಸೋಡಾ ನೀರಿಗೆ ಸುಲಿದು ಹೋಗಿತ್ತು. ಅದನ್ನೂ ಬರೆಯಲಾ ಅಂತ ಕೇಳಿದೆ. ‘ಬೇಡ. ಅವಳ ಸೊಂಟನೋವು ಹೇಗಿದೆ ಅಂತ ಕೇಳು’ ಅಂದ.

ಮುಂದಿನ ವಾರ ಇಬ್ಬರು ಬಂದರು. ಆಮೇಲೆ ಐದು ಜನ. ಮನಿಯಾರ್ಡರ್ ಫಾರಮ್ಮಿನಲ್ಲಿ ಸಂದೇಶಕ್ಕೆ ಅಂತ ಅಂಗೈ ಅಗಲದ ಜಾಗ ಇರುತ್ತಿತ್ತು. ಅಷ್ಟರಲ್ಲೇ ಹಬ್ಬಕ್ಕೆ ಬರುವುದಿಲ್ಲ ಎಂದೂ ಹೇಳಬೇಕು, ತಂಗಿಗೆ ಲಂಗಕ್ಕೆ ಬಟ್ಟೆ ತೆಗೆಯಿರಿ ಎಂದೂ ಹೇಳಬೇಕು. ಇವತ್ತು ನಾನು ನಿಮಗೆ ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯುತ್ತಿದ್ದರೆ ಆ ಫಾರಮ್ಮು ಕಲಿಸಿದ್ದು ಅಂದುಕೊಳ್ಳಿ. ಕೂಲಿ ಒಂದು ತುಂಡು ಚಿಕ್ಕಿ. ಬಂದ ಉತ್ತರ ಓದಿ ಹೇಳುವುದೂ ನನ್ನ ಪಾಲಿಗೇ. ದನ ಕರು ಹಾಕಿದ್ದು, ಅಕ್ಕನಿಗೆ ಸಂಬಂಧ ಕೂಡಿಬಂದದ್ದು, ತೆಂಗಿನ ಮರಕ್ಕೆ ಸಿಡಿಲು ಹೊಡೆದದ್ದು. ಒಮ್ಮೆ ಒಬ್ಬನ ಅಪ್ಪ ತೀರಿಹೋದ ಸುದ್ದಿ ಬಂತು. ಓದಿ ಹೇಳಿದವಳು ನಾನೇ, 11 ವರ್ಷದವಳು. ಅವನು ಅಳಲಿಲ್ಲ. ‘ಇನ್ನೊಂದು ಸಲ ಓದು’ ಅಂದ.

ಅಲ್ಲಿಂದ ಮುಂದೆ ನಾನು ಕನ್ನಡಕ್ಕೆ ನಾಚಿಕೊಂಡದ್ದು ನೆನಪಿಲ್ಲ. ಅದನ್ನು ಹೆಮ್ಮೆ ಅನ್ನಬಹುದೋ ಏನೋ. ಕ್ಲಾಸಿನಲ್ಲಿ ಬೇರೆ ಯಾರಿಗೂ ಬಾರದ ಒಂದು ಕೆಲಸ ನನಗೆ ಬರುತ್ತಿತ್ತು, ಅದಕ್ಕೋಸ್ಕರ ದೊಡ್ಡ ಹುಡುಗರು ಹೊಸ್ತಿಲಲ್ಲಿ ಕಾಯುತ್ತಿದ್ದರು. ಅಷ್ಟೇ.

ನಿಮ್ಮ ಮಗಳ ಕನ್ನಡಕ್ಕೆ ಮಾಡಲು ಕೆಲಸವೇ ಇಲ್ಲ. ನನಗೆ ಕಾಣುವ ತೊಂದರೆ ಇದು. ಅವಳು ದಿನಾ ಕೇಳುವ ಕನ್ನಡ ಯಾವುದು ಹೇಳಿ? ತಿನ್ನು, ಏಳು, ಹಲ್ಲುಜ್ಜು, ಫೋನ್ ಇಡು. ನಿಮಗಿಬ್ಬರಿಗೂ ಜರ್ಮನ್ ಅರ್ಥವಾಗುತ್ತದೆ ಅಂತ ಅವಳಿಗೆ ಗೊತ್ತು. ಹಾಗಿರುವಾಗ ಕನ್ನಡ ಆಡುವುದು ಬರೀ ನಿಮ್ಮ ಸಮಾಧಾನಕ್ಕೆ. ಅಂಥ ಹುಡುಗಿಯನ್ನು ವೇದಿಕೆ ಹತ್ತಿಸಿ ‘ಹೆಮ್ಮೆ’ ಅನ್ನು ಅಂದರೆ ಮರೆಯದೆ ಇನ್ನೇನು? ನನಗೆ ಕೇಳಿದರೆ ಅವಳ ನಾಲಿಗೆ ಪ್ರಾಮಾಣಿಕವಾಗಿದೆ. (ಅಂದಹಾಗೆ, ನವೆಂಬರ್ 1 ನಿಮ್ಮ ಆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲೂ ಸರ್ಕಾರಿ ರಜೆ. ಅಲ್ಲಿಯವರು ಅವತ್ತು ಸಕಲ ಸಂತರ ಹಬ್ಬ ಮಾಡುತ್ತಾರೆ. ಭಾಷಣ ಬಿಟ್ಟು ಎಲ್ಲಿಗಾದರೂ ಸುತ್ತಾಡಿ ಬನ್ನಿ.)

ಅತ್ತೆ ಬರುತ್ತಾರೆ ಅಂತ ನೀವು ಹೆದರಿದ್ದೀರಿ. ನನಗೆ ಅದನ್ನು ಓದಿ ಖುಷಿಯಾಯಿತು. ನಾಲ್ಕು ವರ್ಷದ ಹಿಂದೆ ನಾನೇ ಆ ಅತ್ತೆಯ ಜಾಗದಲ್ಲಿದ್ದೆ. ತಂಗಿಯ ಮಗ ಇರುವುದು ನಿಮ್ಮ ಪಕ್ಕದ ಜಿಂಡೆಲ್‌ಫಿಂಗೆನ್‌ನಲ್ಲಿ. ಎರಡು ತಿಂಗಳು ಅಲ್ಲಿದ್ದೆ. ಹಗಲು ಮನೆಯಲ್ಲಿ ನಾನು, ಮಧ್ಯಾಹ್ನದ ಮೇಲೆ ಶಾಲೆ ಮುಗಿಸಿ ಬರುವ ಅವನ 9 ವರ್ಷದ ಮಗ. ಮೊದಲ ವಾರ ‘ಹಲೋ ಅಜ್ಜಿ’ ಬಿಟ್ಟು ಮಾತಿಲ್ಲ. ಎರಡನೇ ವಾರ ಖಾಲಿ ಬಾಟಲಿಗಳ ಚೀಲ ಹೊತ್ತು ಅಂಗಡಿಗೆ ಹೊರಟ, ನಾನೂ ಹಿಂದೆ ಹೋದೆ. ನಿಮಗೆ ಗೊತ್ತಲ್ಲ, ಆ ಮೆಷಿನ್ನಿಗೆ ಪ್ಲಾಸ್ಟಿಕ್ ಬಾಟಲಿ ಹಾಕಿದರೆ ಒಂದಕ್ಕೆ 25 ಸೆಂಟ್ ಲೆಕ್ಕದಲ್ಲಿ ಚೀಟಿ ಬರುತ್ತದೆ. ನಾನು ಹಾಕಿದ ಬಾಟಲಿಯನ್ನು ಅದು ವಾಪಸ್ ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಹುಡುಗನಿಗೆ ನಗು ತಡೆಯಲಾಗಲಿಲ್ಲ. ‘ಅಜ್ಜೀ, ಅದಕ್ಕೆ ಬಾರ್‌ಕೋಡ್ ಗೆರೆ ಕಾಣಬೇಕು. ನೀವು ಹಿಚುಕಿದ್ರಲ್ಲಾ!’ ಅಂದ. ಆ ದುಡ್ಡು ಯಾಕೆ ಕೊಡುತ್ತಾರೆ ಅಂತ ಕೇಳಿದೆ. ವಿವರಿಸಲು ಹೋಗಿ ಪದ ಸಿಗದೆ ಒದ್ದಾಡಿದ. ‘ಅದು ಮೊದಲೇ ನಮ್ಮದು ತಗೊಂಡಿರ್ತಾರೆ... ಆಮೇಲೆ ಕೊಡ್ತಾರೆ...’ ‘ಠೇವಣಿ’ ಅಂದೆ. ಬ್ಯಾಂಕಿನಲ್ಲಿ 34 ವರ್ಷ ಬರೆದ ಪದ, ಬೇಗ ಬಾಯಿಗೆ ಬಂತು. ಅವನಿಗೆ ಆ ಪದ ಎಷ್ಟು ಹಿಡಿಸಿತು ಅಂದರೆ ದಿನಾ ‘ಅಜ್ಜಿ, ಠೇವಣಿಗೆ ಹೋಗೋಣ್ವಾ’. ಅಂಗಡಿ ಮುಚ್ಚಿರುವ ಭಾನುವಾರವೂ ಅದೇ ರಾಗ. ಚೀಟಿಯ ದುಡ್ಡು ಅರ್ಧ ಅವನಿಗೆ, ಅರ್ಧ ನನಗೆ.

ಅದಕ್ಕೇ ಹೇಳುತ್ತೇನೆ, ಅತ್ತೆಯನ್ನು ಮಗಳ ಕೈಗೆ ಒಪ್ಪಿಸಿಬಿಡಿ. ಬ್ರೆಡ್ ಅಂಗಡಿ, ಬಸ್ ಟಿಕೆಟ್, ಕಸ ಬೇರೆ ಮಾಡುವ ನಾಲ್ಕು ಬಣ್ಣದ ಡಬ್ಬಿಗಳ ಪುರಾಣ, ಎಲ್ಲ ಅವಳೇ ಹೇಳಿಕೊಡಲಿ. ನೀವು ನಡುವೆ ಬಾಯಿ ಹಾಕಬೇಡಿ. ಅವಳ ಕನ್ನಡ ತಪ್ಪಿದರೂ ತಿದ್ದಬೇಡಿ, ಅಜ್ಜಿಗೆ ಅರ್ಥವಾದರೆ ಸಾಕು. ಅತ್ತೆಗೂ ವಿಮಾನ ಹತ್ತುವ ಮೊದಲೇ ಒಂದು ಮಾತು ಹೇಳಿ: ‘ಅಯ್ಯೋ, ಮಗೀಗೆ ಕನ್ನಡ ಸರಿಯಾಗಿ ಬರಲ್ವಾ?’ ಅನ್ನಬಾರದು. ಹೊಗಳಿಕೆಯ ದನಿಯಲ್ಲಿ ‘ಪರವಾಗಿಲ್ವೇ, ಫಾರಿನ್‌ನಲ್ಲಿದ್ರೂ ಮಾತಾಡ್ತಾಳೆ’ ಅನ್ನುವುದೂ ಬೇಡ. ಊರಿನಿಂದ ಬಂದವರ ನಗುವಿಗೆ ಹೆದರಿ ಬಾಯಿ ಮುಚ್ಚಿದ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಡಾಕ್ಟರ ಹತ್ತಿರ ದೊಡ್ಡ ವಿಷಯ ಇದ್ದರೆ ಮಾತ್ರ ನೀವೇ ಜೊತೆಗೆ ಹೋಗಿ. ಮಗುವಿನ ಬಾಯಿಂದ ಅದನ್ನು ಹೇಳಿಸಬೇಡಿ. ಸಾವಿನ ಕಾಗದ ಓದಿದವಳು ಹೇಳುತ್ತಿದ್ದೇನೆ.

ಅತ್ತೆ ವಾಪಸ್ ಹೋದ ಮೇಲೆ? ನಿಮ್ಮ ಊರಿಗೆ ಪ್ರತಿ ವರ್ಷ ಬೆಂಗಳೂರಿನಿಂದ ಹೊಸ ಸಂಸಾರ ಬರುತ್ತಲೇ ಇರುತ್ತದೆ. ಜರ್ಮನ್ ಒಂದಕ್ಷರ ಬಾರದ ಮಕ್ಕಳು. ಅಂಥ ಒಂದು ಮಗುವಿಗೆ ಶಾಲೆಯಲ್ಲಿ ಅಕ್ಕನಾಗಲಿ. 5 ವರ್ಷದವರ ಸಾಲಿನಲ್ಲಿ ಕೂತು ಅ ಆ ತಿದ್ದಲು ಯಾವ 11ರ ಹುಡುಗಿ ಒಪ್ಪುತ್ತಾಳೆ? ನಾನಾದರೂ ಒಪ್ಪುತ್ತಿರಲಿಲ್ಲ. ಅಕ್ಷರ ಕಲಿಯಲು ಅವಳಿಗೆ ಬೇರೆ ನೆಪ ಬೇಕು. ಗೆಳತಿಯರ ಹೆಸರನ್ನು ಕನ್ನಡದಲ್ಲಿ ಬರೆದು ಹುಟ್ಟುಹಬ್ಬದ ಕಾರ್ಡಿಗೆ ಅಂಟಿಸಿ ಕೊಡಲಿ. ಮಿಯಾ, ಲೇನಾ ಸುಲಭ. ಷ್ಮಿಟ್ ಅಂತ ಬರೆಯಲು ಹೊರಟ ದಿನ ಒತ್ತಕ್ಷರ ತಾನಾಗಿ ಕೇಳುತ್ತಾಳೆ. ನಮ್ಮ ಅಕ್ಷರದ ದುಂಡಗಿನ ಚೆಂದಕ್ಕೆ ಆ ಮಕ್ಕಳು ಮರುಳಾಗದಿದ್ದರೆ ಕೇಳಿ. ‘ಹಿಂದಿ’ ಅನ್ನುವ ಸುಳ್ಳನ್ನೂ ಬೈದು ಬಿಡಿಸಬೇಡಿ. ಹೇಳಿಕೊಳ್ಳಲು ಒಂದು ಸಾಲು ಕೊಡಿ: 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಾಗಿರುವವರು 4 ಕೋಟಿ 37 ಲಕ್ಷ. ಸ್ವೀಡಿಷ್, ಡಚ್ ಎರಡೂ ಭಾಷೆಯವರನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಮಕ್ಕಳಿಗೆ ಇಂಥ ಲೆಕ್ಕ ಇಷ್ಟ.

ಇನ್ನು ಆ ರೈಲು. ಬೋಬ್ಲಿಂಗೆನ್‌ನಿಂದ ಸ್ಟುಟ್‌ಗಾರ್ಟ್‌ಗೆ ಹೋಗುವ ಎಸ್-1 ತಾನೇ? ಸ್ಟುಟ್‌ಗಾರ್ಟ್‌ನಲ್ಲಿ ಇಳಿಯದೆ ಮುಂದೆ ಹೋದರೆ ಎಸ್ಲಿಂಗೆನ್ ಬರುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಅದೇ ರೈಲಿನ ಈಚೆ ತುದಿ ಹೆರೆನ್‌ಬೆರ್ಗ್. ಅಲ್ಲಿ ರೈಲು ಬದಲಿಸಿದರೆ ಟ್ಯೂಬಿಂಗೆನ್. ನಿಘಂಟು ಮಾಡಿದ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿ. ಕನ್ನಡ ಆಡಬೇಡ ಅಂತ ಮಗಳು ತಿವಿದ ಹಳಿಯ ಮೇಲೇ ಇಬ್ಬರೂ ಸಿಗುತ್ತಾರೆ. ನಿಮ್ಮ ಪತ್ರ ಓದಿ ನಕ್ಷೆ ನೋಡುತ್ತಾ ಕೂತಾಗ ನನಗೇ ಮೈ ಜುಮ್ ಅಂದಿತು.

ಆದರೆ ದಯವಿಟ್ಟು ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ‘ನೋಡು, ಜರ್ಮನ್ನರೇ ನಮ್ಮ ಭಾಷೆ ಕಲಿತರು’ ಅಂತ ಶುರು ಮಾಡಬೇಡಿ. ಬಿಳಿಯರು ಮೆಚ್ಚಿದರು ಅಂತ ಬಂದ ಹೆಮ್ಮೆ, ಬಿಳಿಯರು ನೋಡ್ತಾರೆ ಅಂತ ಬಂದ ನಾಚಿಕೆಯ ಅಕ್ಕನೋ ತಂಗಿಯೋ ಆಗಿರುತ್ತದೆ. ಅವರಿಬ್ಬರೂ ಪಾದ್ರಿಗಳು, ಬಂದದ್ದು ತಮ್ಮ ಧರ್ಮ ಹೇಳಲು. ಅದನ್ನೂ ಮುಚ್ಚಿಡಬೇಡಿ. ನನಗೆ ಕಿಟ್ಟೆಲ್ ಇಷ್ಟವಾಗುವುದು ಬೇರೆ ಕಾರಣಕ್ಕೆ. 1853ರಲ್ಲಿ, 21ನೇ ವಯಸ್ಸಿಗೆ ಅವರು ನಮ್ಮ ಕಡೆ ಬಂದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ. ಮೊದಲ ವರ್ಷಗಳಲ್ಲಿ ಧಾರವಾಡದ ಬೀದಿಯಲ್ಲಿ ಆ ಮನುಷ್ಯ ಎಂಥೆಂಥ ಕನ್ನಡ ಆಡಿರಬೇಕು, ಹುಡುಗರು ಹಿಂದೆ ಹೇಗೆ ನಕ್ಕಿರಬೇಕು, ಯೋಚನೆ ಮಾಡಿ. ಮೋಗ್ಲಿಂಗ್ ಜೊತೆ 1840ರ ದಶಕದಲ್ಲೇ ಮಂಗಳೂರಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಯುವಕನೂ ಇದ್ದ. ನಿಮಗಿಂತ 170 ವರ್ಷ ಮೊದಲು ದೇರ್, ದೀ, ದಾಸ್ ಜೊತೆ ಒದ್ದಾಡಿದ ನಮ್ಮ ಕರಾವಳಿಯ ಹುಡುಗ.

ನಿಮ್ಮ ಮಗಳಿಗೆ ನಾಚಿಕೆ ಆಗಿದ್ದು ಕನ್ನಡಕ್ಕೋ, ನಿಮ್ಮ ತಪ್ಪು ಜರ್ಮನ್‌ಗೋ? ನನಗೆ ಅನುಮಾನ ಇದೆ. ಮನೆಯಲ್ಲಿ ದಿನಾ 10 ನಿಮಿಷ ಅವಳೇ ನಿಮಗೆ ಜರ್ಮನ್ ಮೇಷ್ಟ್ರಾಗಲಿ, ಬೇಕಾದಷ್ಟು ತಿದ್ದಲಿ. ಹೊರಗೆ, ಬೇರೆಯವರ ಎದುರು ತಿದ್ದಬಾರದು ಅಂತ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಸುತ್ತ ಇರುವವರ ಜರ್ಮನ್ನಿಗೇ ಉಳಿದ ಜರ್ಮನ್ನರು ನಗುತ್ತಾರಂತೆ ಅಲ್ವಾ? ‘ನಮಗೆ ಎಲ್ಲಾ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು’ ಅಂತ ನಿಮ್ಮ ರಾಜ್ಯದವರೇ 1999ರಲ್ಲಿ ಜಾಹೀರಾತು ಶುರು ಮಾಡಿದ್ದರು. ಆ ಸಾಲನ್ನು ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ.

ಅತ್ತೆ ಬಂದು ಹೋದ ಮೇಲೆ ಮತ್ತೆ ಬರೆಯಿರಿ. ಬಾಟಲಿ ದುಡ್ಡು ಎಷ್ಟಾಯಿತು ಅಂತಲೂ ತಿಳಿಸಿ.

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ ಟೀಚರ್. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗ ನಮ್ಮಲ್ಲಿ ಸೇರಿದ್ದಾನೆ. ಸೈಟಿನ ತಗಡಿನ ಶೆಡ್ಡಿನಲ್ಲಿ ವಾಸ. ಲೆಕ್ಕದಲ್ಲಿ ಚುರುಕು. ಮೊದಲ ದಿನ ‘ಏನು ಮಾಡ್ತಿದ್ದೀಯಪ್ಪಾ’ ಅಂದಾಗ ‘ಲೆಕ್ಕ ಮಾಡ್ಲಕತ್ತೀನ್ರೀ’ ಅಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಈಗ ‘ಲಕತ್ತಿ’ ಅಂತಲೇ ಅವನನ್ನು ಕರೆಯುತ್ತಾರೆ. ಮೂರು ತಿಂಗಳಿಂದ ಹುಡುಗ ಬಾಯಿ ಬಿಟ್ಟಿಲ್ಲ. ಅವನ ಭಾಷೆ ತಿದ್ದಿ ಇಲ್ಲಿಯ ಕನ್ನಡ ಕಲಿಸಿದರೆ ಸರಿಹೋಗುತ್ತಾ?
– ಶಿಕ್ಷಕಿ, ಬೆಂಗಳೂರು

ಉತ್ತರ: ಮೇಡಂ, ನಕ್ಕವರು ಬೇರೆ ಮಕ್ಕಳು, ತಿದ್ದಬೇಕಾದ್ದು ಅವನ ಭಾಷೆಯನ್ನಾ?

ಮೇಲಿನ ಪತ್ರ ಓದಿದಿರಲ್ಲ, ಆ ಹುಡುಗಿ ದೇಶ ಬಿಟ್ಟು ಹೋದವಳು. ನಿಮ್ಮ ಹುಡುಗ ತನ್ನದೇ ರಾಜ್ಯದ ರಾಜಧಾನಿಗೆ, ತನ್ನದೇ ಭಾಷೆಯ ಶಾಲೆಗೆ ಬಂದವನು. ಅವನಿಗೆ ರೈಲಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ತರಗತಿಯಲ್ಲೇ ನೋಡುತ್ತಾರೆ. ನನಗೆ ಈ ಪತ್ರವೇ ಜಾಸ್ತಿ ನೋವು ಕೊಟ್ಟಿತು.

ಆ ಪದವನ್ನೇ ಬೋರ್ಡಿನ ಮೇಲೆ ಬಿಡಿಸಿ ಬರೆಯಿರಿ. ‘ಮಾಡಲಿಕ್ಕೆ ಹತ್ತೀನಿ’ ಅನ್ನುವುದು ಒತ್ತಿ ಬಂದು ‘ಮಾಡ್ಲಕತ್ತೀನಿ’ ಆಯಿತು. ಪಕ್ಕದಲ್ಲೇ ಬೆಂಗಳೂರಿನದು ಬರೆಯಿರಿ. ‘ಮಾಡುತ್ತಾ ಇದ್ದೇನೆ’ ಒತ್ತಿ ಬಂದು ‘ಮಾಡ್ತಿದೀನಿ’. ಎರಡೂ ಒಂದೇ ಥರ ಕುಗ್ಗಿದ ಬಟ್ಟೆ. ಆಮೇಲೆ ಇನ್ನೊಂದು ಆಟ ಆಡಿಸಿ. ಒಂದು ಈರುಳ್ಳಿ ಮೇಜಿನ ಮೇಲಿಟ್ಟು ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?’ ಅಂತ ಎಲ್ಲರನ್ನೂ ಕೇಳಿ. ಉಳ್ಳಾಗಡ್ಡಿ, ನೀರುಳ್ಳಿ, ವೆಂಗಾಯಂ, ಉಲ್ಲಿಪಾಯ, ಪ್ಯಾಜ್. ನಿಮ್ಮ ತರಗತಿಯಲ್ಲಿ ಕಡಿಮೆ ಅಂದರೂ ನಾಲ್ಕು ಹೆಸರು ಬರುತ್ತವೆ, ಬೆಂಗಳೂರು ತಾನೇ. ಅವನನ್ನು ಮೊದಲು ಕೇಳಬೇಡಿ. ಐದನೆಯವನೋ ಆರನೆಯವನೋ ಆಗಿ ಅವನ ಸರದಿ ಬರಲಿ. ಅವನೊಬ್ಬನನ್ನೇ ಎಬ್ಬಿಸಿ ‘ಇವನ ಭಾಷೆ ಎಷ್ಟು ಚೆಂದ ನೋಡಿ’ ಅಂತ ಚಪ್ಪಾಳೆ ಹೊಡೆಸಿದರೆ ಅದೂ ಒಂದು ಶಿಕ್ಷೆಯೇ.

ನಿಮಗೊಂದು ವಿಷಯ ಹೇಳುತ್ತೇನೆ, ಸಮಾಜ ಪಾಠ ಮಾಡುವಾಗ ಬಳಸಿಕೊಳ್ಳಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’. ಸುಮಾರು 850ರದ್ದು. ಕನ್ನಡದ ತಿರುಳು ಎಲ್ಲಿದೆ ಅಂತ ಅದು ನಾಲ್ಕು ಊರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಾಲ್ಕೂ ಉತ್ತರದ ಕಡೆಯವೇ. ಆ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟರ ಅಮೋಘವರ್ಷನ ಆಸ್ಥಾನದಲ್ಲಿ. ಅವನ ರಾಜಧಾನಿ ಮಳಖೇಡ ಇರುವುದು ಈ ಹುಡುಗನ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ. ನಕ್ಷೆ ತೂಗುಹಾಕಿ ಮಕ್ಕಳಿಂದಲೇ ಆ ಊರುಗಳನ್ನು ಹುಡುಕಿಸಿ. ಮಳಖೇಡ ಎಲ್ಲಿದೆ ಅಂತ ತೋರಿಸಲು ಅವನ ಬೆರಳು ತಾನಾಗಿ ಎದ್ದರೆ ಒಳ್ಳೆಯದು. ಏಳದಿದ್ದರೆ ಅವತ್ತು ಬಿಟ್ಟುಬಿಡಿ. ಮೂರು ತಿಂಗಳು ಮುಚ್ಚಿದ ಬಾಯಿ ಒಂದು ಪಿರಿಯಡ್ಡಿನಲ್ಲಿ ತೆರೆಯುವುದಿಲ್ಲ.

ಪರೀಕ್ಷೆಯಲ್ಲಿ ಬರೆಯುವ ಕನ್ನಡ ಅವನೂ ಕಲಿಯಬೇಕು, ನಿಜ. ‘ಮಾಡ್ತಿದೀನಿ’ ಅನ್ನುವ ಮಕ್ಕಳೂ ಕಲಿಯಬೇಕು. ಅದು ಯಾರ ಮನೆಯ ಮಾತೂ ಅಲ್ಲ. ಲೆಕ್ಕದಲ್ಲಿ ಚುರುಕು ಅಂದಿರಿ. ಭಾಗಾಕಾರ ಬಾರದ ಇಬ್ಬರನ್ನು ಅವನ ಪಕ್ಕ ಕೂರಿಸಿ. ಅಡ್ಡಹೆಸರು ಕೂಗುವವರೇ ಆ ಇಬ್ಬರು ಆದರೆ ಇನ್ನೂ ಒಳ್ಳೆಯದು. ಅವರಿಗೆ ಉತ್ತರ ಬೇಕಾದಾಗ ‘ಲಕತ್ತಿ’ ಅನ್ನುವ ಧೈರ್ಯ ಬರುವುದಿಲ್ಲ.

ಪ್ರಶ್ನೆ: ನಮಸ್ತೆ ಆಂಟಿ. ನನಗೆ 17. ಹುಟ್ಟಿದ್ದು ದುಬೈ. ಅಪ್ಪ ಅಮ್ಮ ಕಾರ್ಕಳದವರು, ಮನೆಯಲ್ಲಿ ತುಳು. ಕನ್ನಡ ಓದಲು ಅಜ್ಜ ರಜೆಯಲ್ಲಿ ಕಲಿಸಿದರು. ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರ ಜೊತೆ ಹಿಂದಿ ಮಲಯಾಳಂ ಎಲ್ಲಾ. ‘ನೀನು ಎಲ್ಲಿಯವಳು?’ ಅಂತ ಕೇಳಿದರೆ ಒಂದು ಸರಿಯಾದ ಉತ್ತರ ಬೇಕು. ದುಬೈಯವಳು ಅಂದರೆ ನಗುತ್ತಾರೆ, ಕಾರ್ಕಳ ಅಂದರೆ ನನಗೇ ಸುಳ್ಳು ಹೇಳಿದ ಹಾಗೆ ಆಗುತ್ತೆ.
– ತುಳುವತಿ, ದುಬೈ

ಉತ್ತರ: ಒಂದೇ ಉತ್ತರ ಯಾಕೆ ಬೇಕು ಮಗಾ? ನಾನು ಮುಂಬಯಿಯಲ್ಲಿ ‘ಮಂಗಳೂರು ಕಡೆಯವಳು’ ಅನ್ನುತ್ತಿದ್ದೆ, ಯಾಕೆಂದರೆ ಕುಂದಾಪುರ ಅಂದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರಿಗೆ ಬಂದರೆ ‘ಬೊಂಬಾಯಿಯವಳು ಬಂದ್ಲು’ ಅನ್ನುತ್ತಿದ್ದರು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕುಂದಾಪುರದವಳಾದೆ. ಅಲ್ಲಿರುವಾಗ ಒಂದು ದಿನವೂ ಆ ಊರಿನವಳು ಅನಿಸಿರಲಿಲ್ಲ. ಕೇಳುವವರಿಗೆ ಎಷ್ಟು ಬೇಕೋ ಅಷ್ಟು ಹೇಳು. ಟ್ಯಾಕ್ಸಿಯವರಿಗೆ ಒಂದು, ಗೆಳತಿಗೆ ಒಂದು. ಕಾರ್ಕಳ ಅಂದರೆ ಸುಳ್ಳು ಅನಿಸುತ್ತೆ ಅಂದೆಯಲ್ಲ, ಮುಂದಿನ ರಜೆಯಲ್ಲಿ ಗೊಮ್ಮಟನ ಬೆಟ್ಟ ಹತ್ತು. 1432ರಿಂದ ನಿಂತಿದ್ದಾನೆ. ಅಜ್ಜನನ್ನು ಕೆಳಗೇ ಕೂರಿಸು, ಮಂಡಿನೋವು ಇರಬಹುದು. ಇಳಿದು ಬಂದು ಪೇಟೆಯಲ್ಲಿ ಯಾರ ಹತ್ತಿರವಾದರೂ ತುಳುವಿನಲ್ಲಿ ದಾರಿ ಕೇಳು. ಅವರು ದಾರಿ ತೋರಿಸುವ ಮೊದಲು ‘ನೀನು ಯಾರ ಮಗಳು?’ ಅಂತ ಕೇಳುತ್ತಾರೆ. ಎಲ್ಲಿಯವಳು ಅಂತ ಕೇಳೋದೇ ಇಲ್ಲ.

ನಿನ್ನ ಪತ್ರದಲ್ಲಿ ಮೂರು ಕಾಗುಣಿತ ತಪ್ಪಿತ್ತು, ಅಚ್ಚಿಗೆ ಕೊಡುವಾಗ ಸರಿ ಮಾಡಿದ್ದೇನೆ. ಮುಂದಿನ ಸಲ ಕನ್ನಡ ಅಕ್ಷರದಲ್ಲೇ ತುಳು ಬರಿ. ಹೋಟೆಲಿನ ಅಟ್ಟದ ಹುಡುಗರಲ್ಲಿ ಅರ್ಧ ಜನ ತುಳುವರು, ಅವರಿಂದ ಕಲಿತದ್ದು ಇನ್ನೂ ಇದೆ. ಓದಲು ಬರುತ್ತೆ. ಉತ್ತರ ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ, ಬೇಜಾರು ಮಾಡಬೇಡ.